ಸೌಟು ಮತ್ತು ಹಾಲಿನಪುಡಿ

ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲಿಟ್ಟಿದ್ದ ಫೋನು ಬೆಂಕಿಪೊಟ್ಟಣದೊಳಗೆ ಸಿಕ್ಕಿಬಿದ್ದ ಜೀರುಂಡೆಯಂತೆ ಗುರ್ರೆಂದಿತು. ಮನೆಯಲ್ಲಿ ಎಲ್ಲರೂ ಮಲಗಿಯಾಗಿತ್ತು. ನನಗೆ ಮಾತ್ರ ಎಚ್ಚರವಿತ್ತು. ನನ್ನ ಪುಟ ಮುದ್ರಣಕ್ಕೆ ಹೋದ ರಾತ್ರಿ ನಿದ್ದೆ ಯಾವಾಗಲೂ ಅರೆಬರೆ.

ಸಂದೇಶ ನಮ್ಮ ವರದಿಗಾರ ಮಲ್ಲಿಕ್‌ನದು. "ಮೇಡಂ, ಪೇಜ್ ಹೋಯ್ತಾ? 'ಕೋಟೆ' ಅಂತ ಕಳಿಸಿದ ಆಡಿಯೋ ಕೋಟೆ ಮೇಷ್ಟ್ರದ್ದಲ್ಲ. ಭದ್ರಾವತಿ ಉಜ್ಜನಪ್ಪನೋರು ಅವತ್ತು ಕೋಟೆಗೆ ಬಂದಿದ್ರು, ಅಲ್ಲೇ ಮಾತಾಡಿಸ್ದೆ. ಮೇಷ್ಟ್ರು ಸಿಕ್ಕಿದ್ದು ನ್ಯೂ ಟೌನ್‌ನಲ್ಲಿ, ಮಗಳ ಮನೇಲಿ."

ಪುಟ ಹೋಗಿಯಾಗಿತ್ತು.

ಶಿವಮೊಗ್ಗದ ನಮ್ಮ ಸಣ್ಣ ದಿನಪತ್ರಿಕೆಯಲ್ಲಿ ವಾರಕ್ಕೊಮ್ಮೆ 'ನಿಮ್ಮ ಮಾತು' ಎಂಬ ಪುಟ ಬರುತ್ತದೆ. ಅದನ್ನು ನೋಡಿಕೊಳ್ಳುವವಳು ನಾನು. ಒಂದು ಸುದ್ದಿಯ ಬಗ್ಗೆ ಊರಿನ ಜನ ಏನನ್ನುತ್ತಾರೆಂದು ಕೇಳಿ, ಅವರ ಫೋಟೋದ ಪಕ್ಕ ಅವರ ಮಾತನ್ನೇ ಹಾಕುತ್ತೇವೆ. ಈ ಸಲದ ಪ್ರಶ್ನೆ, ವಿಶ್ವಸಂಸ್ಥೆಯ ಬಜೆಟ್ಟಿಗೆ ಭಾರತ ಕೊಡುವ ಪಾಲು ಹೆಚ್ಚಾಗುತ್ತಿದೆ, ನೀವೇನಂತೀರಿ ಎಂಬುದು. ಮಲ್ಲಿಕ್ ತಾನು ಮಾತಾಡಿಸಿದ ಜಾಗದ ಹೆಸರನ್ನು ಆಡಿಯೋಗಳಿಗೆ ಇಟ್ಟಿದ್ದ. ಅದು ಮಾತಾಡಿದವರ ಊರು ಎಂದು ನಾನು ತಿಳಿದೆ. ಹಾಗಾಗಿ ಭದ್ರಾವತಿ ನ್ಯೂ ಟೌನ್‌ನ ಉಜ್ಜನಪ್ಪನವರ ಮಾತು ನಮ್ಮೂರಿನ ಕೋಟೆ ಬಡಾವಣೆಯ ಗಣಪಯ್ಯ ಮೇಷ್ಟ್ರ ಫೋಟೋದ ಪಕ್ಕಕ್ಕೆ ಹೋಗಿತ್ತು, ಮೇಷ್ಟ್ರ ಮಾತು ಉಜ್ಜನಪ್ಪನವರ ಪಕ್ಕಕ್ಕೆ.

ಹಿಂದೊಮ್ಮೆ ಒಬ್ಬರ ಇನಿಷಿಯಲ್ ತಪ್ಪಾಗಿ ತಿದ್ದುಪಡಿ ಹಾಕಬೇಕಾದಾಗ ಸಂಪಾದಕ ಯೋಗರಾಜ್ ಹೇಳಿದ್ದರು, "ಜಯಶೀಲಾ, ಇನ್ನೊಂದು ತಿದ್ದುಪಡಿ ಬಂದ್ರೆ ಈ ಪುಟ ಬೇರೆಯವರಿಗೆ ಕೊಡ್ತೀನಿ. ನೀವು ಜಾಹೀರಾತು ನೋಡ್ಕೊಳ್ಳಿ." ಅವರು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಮರೆಯುತ್ತಿದ್ದೆನೇನೋ. ಸಮಾಧಾನವಾಗಿ ಹೇಳಿದ್ದರು. ಆ ಪತ್ರಿಕೆಯಲ್ಲಿ ನಾನು ಇಷ್ಟಪಟ್ಟು ಮಾಡುವ ಕೆಲಸವೆಂದರೆ ಆ ಪುಟವೊಂದೇ.

ಬೆಳಿಗ್ಗೆ ಬೇಗ ಕಚೇರಿಗೆ ಹೋದೆ. ತಿದ್ದುಪಡಿಯನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಯೋಗರಾಜ್ ಬರುವುದರೊಳಗೆ ಇಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳೋಣವೆಂದು ನಂಬರು ಹುಡುಕುತ್ತಿದ್ದಾಗ ಮೆಟ್ಟಿಲ ಮೇಲೆ ಚಪ್ಪಲಿಯ ಭಾರದ ಸದ್ದು ಕೇಳಿತು.

"ಯಾರ‍್ರೀ ಇಲ್ಲಿ ಜಯಶೀಲಾ ಅಂದ್ರೆ?"

ಫೋಟೋದಲ್ಲಿ ನೋಡಿದ ಮುಖವೇ. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ನಮ್ಮ ಪತ್ರಿಕೆ. ಕಾರ್ಖಾನೆಯ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು.

"ನಾನೇ ಸರ್. ತಪ್ಪು ನನ್ನದೇ. ಕೂತ್ಕೊಳ್ಳಿ."

"ಕೂರೋದು ಆಮೇಲೆ. ನಾನು ಯಾವಾಗ್ರೀ ಹಾಲಿನಪುಡಿ ಅಂದೆ?" ಪುಟ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. "'ನಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಕುಡಿದದ್ದು ಹೊರದೇಶದವರು ಕಳಿಸಿದ ಹಾಲಿನಪುಡಿ. ಮನೆ ಬೆಳೆದ ಹಾಗೆ ಕೊಡೋ ಕೈಯೂ ಬೆಳೀಬೇಕು. ನಮ್ಮ ಪಾಲು ಹೆಚ್ಚಾದ್ರೆ ಅದು ಹೊರೆ ಅಲ್ಲ, ಮರ್ಯಾದೆ.' ಉಜ್ಜನಪ್ಪ, ನ್ಯೂ ಟೌನ್! ಇದು ನಾನಾ?"

"ಅಲ್ಲ, ಅದು ನಾನು" ಎಂದು ಬಾಗಿಲ ಹತ್ತಿರದಿಂದ ಮೆಲ್ಲನೆಯ ದನಿಯೊಂದು ಕೇಳಿತು.

ಛತ್ರಿ ಮಡಿಸಿಕೊಂಡು ಗಣಪಯ್ಯ ಮೇಷ್ಟ್ರು ನಿಂತಿದ್ದರು. ಸಂಸ್ಕೃತ ಪಾಠ ಮಾಡಿ ನಿವೃತ್ತರಾದವರು.

ಉಜ್ಜನಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ! ಹಾಗಾದ್ರೆ ನನ್ನ ಸೌಟು ನಿಮ್ಮ ಹತ್ರ ಇದೆ!"

ಮೇಷ್ಟ್ರ ಫೋಟೋದ ಪಕ್ಕ ಅಚ್ಚಾಗಿದ್ದದ್ದು ಹೀಗೆ: 'ಊಟದ ಖರ್ಚು ನಮ್ದು, ಬಡಿಸೋ ಸೌಟು ಮಾತ್ರ ಬೇರೆಯವರ ಕೈಲಿ. ಇದ್ಯಾವ ನ್ಯಾಯ ರೀ? ಮೊದಲು ಸೌಟು ಕೊಡಿ, ಆಮೇಲೆ ಚಂದಾ ಕೇಳಿ.'

ಮಾತು ಅದಲುಬದಲಾದದ್ದು ಹೇಗೆಂದು ಇಬ್ಬರಿಗೂ ವಿವರಿಸಿದೆ. ತಿದ್ದುಪಡಿಯ ಹಾಳೆಯನ್ನು ಮುಂದಿಟ್ಟು, "ನಾಳೆ ಮೊದಲ ಪುಟದಲ್ಲೇ ಹಾಕ್ತೀವಿ" ಎಂದೆ.

ಇಬ್ಬರೂ ಒಟ್ಟಿಗೆ ಬಗ್ಗಿ ಓದಿದರು. ಬೈಗುಳಕ್ಕೆ ಕಾದು ಕೂತೆ.

"ಇದನ್ನ ಹಾಕ್ಲೇಬೇಕಾ, ತಾಯಿ?" ಎಂದರು ಮೇಷ್ಟ್ರು.

"ನೀವೂ ಹಾಕ್ಸೋಕೇ ಬಂದಿರೋದಲ್ವಾ?" ಎಂದರು ಉಜ್ಜನಪ್ಪ.

"ಹೊರಟಿದ್ದು ಹಾಗೇನೇ. ದಾರೀಲಿ ದೇವಸ್ಥಾನ. ಅಲ್ಲಿ ಆರಾಧನೆ ಊಟದ ಮಾತು ನಡೀತಿತ್ತು. ವರ್ಷ ವರ್ಷ ನನ್ನ ಪಾಲು ಏರಿಸ್ತಾರೆ, ನಾನು ಆಗ್ಲಿ ಅಂತೀನಿ. ಏನು ಅಡುಗೆ ಅಂತ ಒಂದು ಸಲಾನೂ ನನ್ನ ಕೇಳಿದ್ದಿಲ್ಲ. ಇವತ್ತು ದೇವಸ್ಥಾನ ಸಮಿತಿ ಅಧ್ಯಕ್ಷರೇ ಪೇಪರ್ ಹಿಡ್ಕೊಂಡು ಬಂದು, 'ಮೇಷ್ಟ್ರೇ, ಈ ಸೌಟು ನಮಗೇ ಬೀಸಿದ್ದು ಅಂತ ಗೊತ್ತಾಯ್ತು. ಯಾವ ಪಾಯಸ ಮಾಡ್ಸೋಣ, ನೀವೇ ಹೇಳಿ' ಅಂದ್ರು."

"ಏನಂದ್ರಿ?"

"ಹೆಸರುಬೇಳೆ."

ಉಜ್ಜನಪ್ಪ ನಕ್ಕ ನಗೆಗೆ ಕಿಟಕಿಯ ಗಾಜು ಅದುರಿತು. "ಭೇಷ್ ಮಾರಾಯ್ರೇ! ನನ್ನ ಸೌಟಲ್ಲಿ ನಿಮಗೆ ಪಾಯಸ!"

"ಅದಕ್ಕೂ ಮೊದಲು ಮನೇಲಿ ನನ್ನ ಹೆಂಡತಿ ಭವಾನಿ, 'ಇಷ್ಟು ವರ್ಷ ಈ ಬಾಯಿ ಎಲ್ಲಿಟ್ಟಿದ್ರಿ?' ಅಂದ್ಲು. ಬೇರೆಯವರದು ಅಂತ ಹೇಳೋಕೆ ಮನಸ್ಸು ಬರ್ಲಿಲ್ಲ." ಮೇಷ್ಟ್ರ ಕಿವಿ ಕೆಂಪಗಾಗಿತ್ತು. "ನಿಮಗೇನು ತೊಂದರೆ ಆಯ್ತು?"

ಉಜ್ಜನಪ್ಪ ಆಗ ಕುರ್ಚಿ ಎಳೆದುಕೊಂಡು ಕೂತರು.

"ಪಕ್ಕದ ಮನೆ ಕರಿಯಣ್ಣ ಅಂತ. ಅವನ ಮಾವಿನ ಕೊಂಬೆ ನಮ್ಮ ಕಡೆ ಬಂತು, ಕಡಿಸ್ದೆ. ಅವತ್ತಿಂದ ಮಾತಿಲ್ಲ. ಇವತ್ತು ಬೆಳಿಗ್ಗೆ ಗೇಟ್ ಹತ್ರ ಬಂದು ನಿಂತ. 'ಉಜ್ಜನಪ್ಪ, ನಾನೂ ಆ ಹಾಲು ಕುಡ್ದೋನೇ ಕಣಯ್ಯ. ಲೋಟದ ತಳದಲ್ಲಿ ಗಂಟು ಉಳೀತಿತ್ತಲ್ಲ' ಅಂದ."

"ಉಳೀತಿತ್ತು" ಎಂದರು ಮೇಷ್ಟ್ರು. "ಅದನ್ನ ಬೆರಳಲ್ಲಿ ತೆಗೆದು ತಿಂತಿದ್ವಿ."

"ಹೂಂ. ನಾನೂ ತಿಂದಿದೀನಿ. ಮರ್ತೇ ಬಿಟ್ಟಿದ್ದೆ ನೋಡಿ." ಗಂಟಲು ಮೊದಲ ಸಲ ತಗ್ಗಿತು. "ಅವನ ಮನೇಲಿ ಕಾಫಿ ಕುಡ್ದೆ. ಹೊರಗೆ ಬಂದ ಮೇಲೆ ಸಿಟ್ಟು ಬಂತು, ನಾನಾಡದ ಮಾತಿಗೆ ಕಾಫಿ ಕುಡಿದ್ನಲ್ಲಾ ಅಂತ. ಹಾಗೇ ಬಸ್ ಹತ್ತಿದೆ."

ಇಬ್ಬರೂ ಆ ಹಾಳೆಯನ್ನೇ ನೋಡುತ್ತಿದ್ದರು. ಇದು ಅಚ್ಚಾದರೆ ನನ್ನ ಪುಟ ಹೋಗುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನನ್ನ ಸಂಕಟವನ್ನು ಅವರ ತಲೆಯ ಮೇಲೆ ಹೊರಿಸಿ ಒಪ್ಪಿಗೆ ಪಡೆಯುವುದು ಸರಿಯಲ್ಲ ಅನ್ನಿಸಿತು.

"ನಿಮ್ಮ ಮಾತು ನಿಮ್ಮದು" ಎಂದೆ. "ಒಬ್ಬರು ಹಾಕಿ ಅಂದ್ರೂ ಹಾಕ್ತೀನಿ."

"ಹಾಗಂತ ನಾನು ಸೌಟು ಬಿಟ್ಟುಕೊಟ್ಟಿಲ್ಲ ಮೇಷ್ಟ್ರೇ" ಎಂದರು ಉಜ್ಜನಪ್ಪ. "ಪಾಲು ಏರಿಸಿದ ಮೇಲೆ ಪಂಕ್ತಿ ಕೊನೇಲಿ ಕೂರ್ಸಿದ್ರೆ ಒಪ್ಪಲ್ಲ."

"ಒಪ್ಪಬೇಡಿ. ಹಾಲು ಕುಡಿದದ್ದನ್ನ ಮರೀಬೇಡಿ, ಅಷ್ಟೇ. ಕೊಡೋದೂ ಕೊಡೋಣ, ಸೌಟೂ ಕೇಳೋಣ."

"ಹೆಸರುಬೇಳೆ ಗೆದ್ದ ಮೇಲೆ ಧೈರ್ಯ ಬಂದ್ಬಿಟ್ಟಿದೆ ನಿಮಗೆ!"

"ಹಾಗಾದ್ರೆ ಇದು?" ಎಂದು ಮೇಷ್ಟ್ರು ಹಾಳೆಯ ಮೇಲೆ ಬೆರಳಿಟ್ಟರು.

"ಬೇಡ" ಎಂದರು ಉಜ್ಜನಪ್ಪ. "ಇಬ್ರೂ ಎರಡನ್ನೂ ಹೇಳಿದ ಹಾಗಾಯ್ತಲ್ಲ. ಏನಂತೀರಿ?"

ಮೇಷ್ಟ್ರು ತಲೆಯಾಡಿಸಿದರು. ಉಜ್ಜನಪ್ಪ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಆಗಲೇ ಯೋಗರಾಜ್ ಒಳಗೆ ಬಂದರು. ಇಬ್ಬರ ಮುಖಗಳನ್ನೂ ಪುಟದಲ್ಲಿ ನೋಡಿದ್ದರು, ಗುರುತು ಹಿಡಿದು ನಿಂತರು. "ಏನು ಸಮಾಚಾರ? ಏನಾದ್ರೂ ತಪ್ಪಾಗಿದ್ಯಾ?"

ಹೇಳಿಬಿಡೋಣವೆಂದು ಬಾಯಿ ತೆರೆದೆ. ಮೇಷ್ಟ್ರು ಛತ್ರಿಯ ಹಿಡಿ ನೋಡುತ್ತ ನಿಂತಿದ್ದರು. ಸುಳ್ಳು ಅವರಿಗೆ ಒಗ್ಗದು.

ಉಜ್ಜನಪ್ಪ ಎದ್ದು ನಿಂತರು. "ಒಬ್ಬರ ಮಾತು ಇನ್ನೊಬ್ರಿಗೆ ಹಿಡಿಸ್ತು. ನೋಡಿ ಹೋಗೋಣ ಅಂತ ಬಂದ್ವಿ. ಈ ತಾಯಿ ಪುಟ ಚೆನ್ನಾಗಿ ಮಾಡ್ತಾರೆ. ಬನ್ನಿ ಮೇಷ್ಟ್ರೇ, ಕಾಫಿ ನಂದು."

ಅದರಲ್ಲಿ ಸುಳ್ಳೊಂದೂ ಇರಲಿಲ್ಲ. ಮೇಷ್ಟ್ರ ಮುಖ ಅರಳಿತು. ಇಬ್ಬರೂ ಮೆಟ್ಟಿಲಿಳಿಯುತ್ತ ಮತ್ತೆ ವಾದ ಶುರುಮಾಡಿದ್ದು ಕೇಳಿಸಿತು.

"ಓದುಗರೇ ಹುಡುಕ್ಕೊಂಡು ಬರ್ತಿದ್ದಾರೆ" ಎಂದರು ಯೋಗರಾಜ್. "ಮುಂದಿನ ವಾರಕ್ಕೆ ವಿಷಯ ಏನು?"

ಆಡಿಯೋಗೆ ಜಾಗದ ಹೆಸರಲ್ಲ, ಮನುಷ್ಯರ ಹೆಸರಿಡಬೇಕೆಂದು ಮಲ್ಲಿಕ್‌ಗೆ ಬರೆದೆ. ಇಬ್ಬರೂ ತಿದ್ದುಪಡಿ ಬೇಡವೆಂದರು ಎಂದಷ್ಟೇ ಸೇರಿಸಿದೆ.

ಸಂಜೆ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ನಮ್ಮವರು, ಶಿವರಾಜ್, ಪತ್ರಿಕೆಯನ್ನು ಲೋಟಕ್ಕೆ ಒರಗಿಸಿಕೊಂಡು ಓದುತ್ತಿದ್ದರು. "ಈ ಹಾಲಿನಪುಡಿ ಮನುಷ್ಯ ನೋಡು, ಫೋಟೋದಲ್ಲಿ ಎಷ್ಟು ಬಿಗಿ ಮುಖ, ಒಳಗೆ ಎಷ್ಟು ಮೆತ್ತಗೆ" ಎಂದರು. "ಹೇಗೆ ಸಿಕ್ಕಿದ್ರು ಇವ್ರು?"

ಸಟ್ಟುಗ ದೋಸೆಯ ಅಂಚಿನಲ್ಲಿ ಒಂದು ಕ್ಷಣ ನಿಂತಿತು. ನಾನು ಶಿವರಾಜ್‌ಗೆ ಹೇಳದ ವಿಷಯ ಕಡಿಮೆ. ಆದರೆ ಇದು ಕರಿಯಣ್ಣನವರ ಕಾಫಿ, ಭವಾನಮ್ಮನವರ ಬೆರಗು. ನನ್ನೊಬ್ಬಳದಲ್ಲ. ಯಾರಿಗೂ ಹೇಳಬಾರದೆಂದು ನಿರ್ಧರಿಸಿದೆ, ಇವರಿಗೂ.

"ಮಲ್ಲಿಕ್ ಹುಡುಕಿದ್ದು" ಎಂದು ದೋಸೆ ಮಗುಚಿ ಹಾಕಿದೆ.