ತೋಳಿನ ಬಿಲ್ಲೆ ಹೇಳಿದ್ದು

ಮದುವೆಯ ಮಾತು ಮುರಿದ ಸುದ್ದಿ ತಂದವರು ತಿಪ್ಪೇಸ್ವಾಮಿ. ಆ ಸಂಬಂಧ ಕುದುರಿಸಿದವರೂ ಅವರೇ. ಸುಲ್ತಾನ್ ಬಜಾರಿನಲ್ಲಿದ್ದ ಹಂಪಯ್ಯನವರ ಬಟ್ಟೆ ಅಂಗಡಿಗೆ ಬಂದು, ಚಹಾ ಬೇಡವೆಂದು, ಗಿರಾಕಿಗಳೆಲ್ಲ ಹೋಗುವವರೆಗೆ ಸುಮ್ಮನೆ ಕೂತರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಹುಡುಗಿಗೆ ಶುಗರ್ ಐತಂತಲ್ರಿ. ಮೊದಲ ಹೇಳಿದ್ರ ಚಲೋ ಇತ್ತು."

"ಯಾರಿಗೆ, ನಮ್ಮ ಸಂಯುಕ್ತಾಗ?" ಹಂಪಯ್ಯ ಮಡಚುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು.

"ಈಗಿಲ್ಲಂತ. ಮುಂದ ಬರೂದು ಖಾತ್ರಿ ಅಂತ. ಹುಡುಗನ ಮನಿಯವರಿಗೆ ಪಕ್ಕಾ ಗೊತ್ತಾಗೈತಿ. ಎಲ್ಲಿಂದ ಅಂತ ನನ್ನ ಕೇಳಬ್ಯಾಡ್ರಿ."

ಆ ಸಂಜೆ ಕಾಚಿಗೂಡದ ಮನೆಯಲ್ಲಿ ಅಪ್ಪ ಹೇಳಿದ ಮಾತು ಕೇಳಿ ಸಂಯುಕ್ತಾ ಮೊದಲು ನಕ್ಕಳು. ಇನ್ನೂ ಬಾರದ ರೋಗ ಮನೆಮನೆಗೆ ತಿಳಿದದ್ದು ಹೇಗೆ? ಮರುಕ್ಷಣ ನೆನಪಾಗಿ ನಗು ನಿಂತಿತು.

ಹಿಂದಿನ ಮಳೆಗಾಲದಲ್ಲಿ, ಗಚ್ಚಿಬೌಲಿಯ ಅವಳ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಬಿಲ್ಲೆ ಹಂಚಿದ್ದರು. ಅದನ್ನು ತೋಳಿಗೆ ಅಂಟಿಸಿಕೊಂಡರೆ, ಚರ್ಮದೊಳಗೆ ಇಳಿದ ಕೂದಲೆಳೆಯಂಥ ತಂತಿ ಹಗಲೂ ರಾತ್ರಿ ಮೈಯೊಳಗಿನ ಸಕ್ಕರೆಯ ಪ್ರಮಾಣ ಅಳೆಯುತ್ತಿತ್ತು. ತಿಂದದ್ದನ್ನೆಲ್ಲ ಫೋಟೋ ತೆಗೆದು ಫೋನಿಗೆ ಹಾಕಬೇಕು. ಯಾವ ಊಟಕ್ಕೆ ಯಾರ ಮೈ ಹೇಗೆ ಸ್ಪಂದಿಸುತ್ತದೆಂದು ಫೋನಿನ ಆ್ಯಪ್ ಕಲಿತುಕೊಂಡು, ಮುಂದೆ ತಿನ್ನುವ ಮೊದಲೇ ಹೇಳುತ್ತಿತ್ತು. ಕೊನೆಯಲ್ಲಿ, ಈ ಮನುಷ್ಯನಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಎಷ್ಟೆಂದೂ ತೋರಿಸುತ್ತಿತ್ತು. ಸಂಯುಕ್ತಾಳಿಗೆ ಸಂಭವ ಹೆಚ್ಚೆನ್ನುವ ಕೆಂಪು ಬಣ್ಣ ಬಂದಿತ್ತು. ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಆಗ ಅವಳು ಉಬ್ಬಸಕ್ಕೆ ಮಾತ್ರೆ ನುಂಗುತ್ತಿದ್ದಳು. ಅವು ಮುಗಿಯುವವರೆಗೆ ಸಕ್ಕರೆ ಏರಿರುತ್ತದೆಂದು ಡಾಕ್ಟರು ಹೇಳಿದ್ದರು. ಮಾತ್ರೆ ನಿಲ್ಲಿಸಿದ ಮೇಲೆ ರಕ್ತಪರೀಕ್ಷೆ ಮಾಡಿಸಿದಾಗ ಎಲ್ಲ ಸರಿಯಾಗಿಯೇ ಇತ್ತು. ಔಷಧಿಯ ವಿಚಾರ ಆ ಆ್ಯಪ್ ಕೇಳಿರಲಿಲ್ಲ. ಹೇಳೋಣವೆಂದರೆ ಅದಕ್ಕೆ ಜಾಗವೂ ಇರಲಿಲ್ಲ.

ಹುಡುಗ ನಿಶಾಂತನ ಮನೆಯವರು ನೋಡಲು ಬಂದ ದಿನ, ಅವನ ಅಕ್ಕ ಶೈಲಶ್ರೀ ತಾನು ಅದೇ ಬಿಲ್ಲೆಯ ಕಂಪನಿಯಲ್ಲಿದ್ದೇನೆ ಎಂದಿದ್ದಳು. ಮಾತಾಡಲು ಏನೋ ಒಂದು ಸಿಕ್ಕಿತಲ್ಲ ಎಂದು ಸಂಯುಕ್ತಾ, "ನಮ್ಮ ಆಫೀಸಿಗೂ ನಿಮ್ಮವರ ಕೊಟ್ಟಿದ್ರು, ನಾನೂ ಹಚ್ಚಿಕೊಂಡಿದ್ದೆ" ಎಂದು ಖುಷಿಯಿಂದ ಹೇಳಿದ್ದಳು.

"ಶೈಲಶ್ರೀನ ನನ್ನ ಲೆಕ್ಕ ತಗದು ನೋಡ್ಯಾಳ, ಅಪ್ಪಾ," ಎಂದಳು ಈಗ.

ಹಂಪಯ್ಯನವರಿಗೆ ನಿರಾಳವಾಯಿತು. "ಹಂಗಿದ್ರ ಸರಳ ಆತಲ್ಲ. ರಕ್ತದ ರಿಪೋರ್ಟ್ ಐತಿ. ತೋರಿಸಿ ಬರೋಣು."

"ತೋರಿಸಾಕ ಅವರ್ಯಾರು? ತೋರಿಸಿದ್ರ ಅಕಿ ನೋಡಿದ್ದು ಸರಿ, ಲೆಕ್ಕ ಅಷ್ಟ ತಪ್ಪೈತಿ ಅಂದಂಗ ಆತು. ನಾಳೆ ನನಗ ಖರೇನ ಶುಗರ್ ಬಂತು ಅನ್ನು. ಆವಾಗ ಅಕಿ ಮಾಡಿದ್ದು ನ್ಯಾಯ ಆಗತೈತೇನು?"

"ನ್ಯಾಯ ಅನ್ಯಾಯ ಇರಲಿ. ನಮ್ಮ ಕನ್ನಡದ ಮಂದಿ ಈ ತೆಲುಗು ಊರಾಗ ಎಷ್ಟರ ಅದಾರ? ಒಂದು ಮನಿ ಮಾತು ಎಲ್ಲಾರ ಮನಿಗೆ ಹೋಗತೈತಿ. ಬಾಯಿ ಮುಚ್ಚಬೇಕಂದ್ರ ರಿಪೋರ್ಟ್ ಬೇಕು."

ರಿಪೋರ್ಟ್ ಬೇಡ, ನೇರವಾಗಿ ಕೇಳಿ ಬರೋಣ ಎಂದಳು ಸಂಯುಕ್ತಾ. ಭಾನುವಾರ ಇಬ್ಬರೂ ನಿಶಾಂತನ ಮನೆಗೆ ಹೋದರು. ಹಂಪಯ್ಯ ಮಗಳಿಗೆ ಹೇಳದೆ ರಿಪೋರ್ಟನ್ನು ಚೀಲದಲ್ಲಿ ಇಟ್ಟುಕೊಂಡಿದ್ದರು. ನಿಶಾಂತನ ತಾಯಿ ಶಿವದೇವಿ ನೀರು ಕೊಟ್ಟು, ಅವಲಕ್ಕಿಯ ಚೂಡಾ ತಂದಿಟ್ಟರು. ಸಂಯುಕ್ತಾ ತಟ್ಟೆ ಮುಟ್ಟದೆ ನೇರವಾಗಿ ಕೇಳಿದಳು.

"ಶೈಲಶ್ರೀಯವರ, ನನ್ನ ಹೆಸರಿನ ಲೆಕ್ಕ ತಗದು ನೋಡಿದ್ರೇನ್ರಿ?"

ಶೈಲಶ್ರೀ ತಾಯಿಯ ಮುಖ ನೋಡಿದಳು. "ಹೊರಗಿನವರಿಗೆ ಹೇಳಿಲ್ಲ. ಮನ್ಯಾಗ ಅಷ್ಟ. ತಮ್ಮನ ಜೀವನದ ಪ್ರಶ್ನೆ, ನೋಡಬೇಕಾತು. ನಮ್ಮ ಆ್ಯಪ್ ಲಕ್ಷಗಟ್ಟಲೆ ಮಂದಿ ಊಟ ನೋಡಿ ಕಲಿತೈತಿ. ಸುಮ್ನ ಹೇಳೂದಿಲ್ಲ."

ಹಂಪಯ್ಯನವರ ಕೈ ಚೀಲದೊಳಗೆ ಹೋಯಿತು. ಸಂಯುಕ್ತಾ ಆ ಕೈ ಹಿಡಿದು ನಿಲ್ಲಿಸಿದಳು.

"ಸಿಟ್ಟಾಗಬ್ಯಾಡವ್ವ," ಎಂದರು ಶಿವದೇವಿ. ಅವರ ದನಿಯಲ್ಲಿ ಕಪಟವಿರಲಿಲ್ಲ. "ಮದವಿಯಾಗಿ ಮೂರು ವರ್ಷಕ್ಕ ನನಗ ಶುಗರ್ ಬಂತು. ರೋಗದಾಕಿನ್ನ ತಂದು ನಮ್ಮ ಕೊರಳಿಗೆ ಕಟ್ಟಿದ್ರು ಅಂತ ನಮ್ಮತ್ತಿ ಸಾಯೂತನ ಅಂದ್ರು. ನನ್ನ ತವರಿನವರು ಬಂದ್ರ ಅವರ ಮುಂದೂ ಅಂದ್ರು. ಅದೆಲ್ಲಾ ಈ ಮನ್ಯಾಗ ಮತ್ತ ಬ್ಯಾಡ ಅಂತ ಈ ಸಂಬಂಧ ನಾನ ಬಿಡಸೀನಿ."

"ಮತ್ತ ಬ್ಯಾಡಾಗಿದ್ದು ಯಾವುದ್ರಿ, ಅಮ್ಮಾರ? ಆ ಬೈಗಳೋ, ಶುಗರ್ ಬರಬಹುದಾದ ಹುಡುಗಿನೋ?"

ಶಿವದೇವಿ ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ನಿಶಾಂತ, "ಅಕ್ಕ ಹಿಂಗ ತಗದು ನೋಡಿದ್ದು ನನಗ ಗೊತ್ತಿರಲಿಲ್ಲ. ಶುಗರ್ ಐತಿ ಅಂತಷ್ಟ ಹೇಳಿದ್ರು," ಎಂದ.

"ನನ್ನ ನಂಬರ್ ನಿಮ್ಮ ಕಡೆ ಇತ್ತಲ್ರಿ. ಖರೆ ಏನು ಅಂತ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲೇನು?"

ಅಪ್ಪ ಮಗಳು ಎದ್ದು ಬಂದರು.

ಆಟೋದಲ್ಲಿ ಸಂಯುಕ್ತಾಳಿಗೆ ಅಳು ಬಂತು. ಹುಡುಗ ಅವಳಿಗೆ ಹಿಡಿಸಿದ್ದ, ಅದು ಸುಳ್ಳಲ್ಲ. ಆದರೆ ಸುಡುತ್ತಿದ್ದದ್ದು ಬೇರೆ. ಆಫೀಸಿನಲ್ಲಿ ಬೈಸಿಕೊಂಡ ದಿನ ಒಬ್ಬಳೇ ಕೂತು ಮುಗಿಸಿದ ಮಿಠಾಯಿ ಡಬ್ಬಿ, ಉಪವಾಸವೆಂದು ಅವ್ವನಿಗೆ ಹೇಳಿ ಗೆಳತಿಯ ಜೊತೆ ತಿಂದ ಬಿರಿಯಾನಿ, ಜ್ವರದ ದಿನದ ಗಂಜಿ, ಎಲ್ಲದರ ಫೋಟೋ ಅಲ್ಲಿತ್ತು. ಎದುರಿಗೆ ಕೂತು ನಗುನಗುತ್ತಾ ಮಾತಾಡಿದ ಹೆಂಗಸು ಕಂಪನಿಗೆ ಹೋಗಿ ಒಂದೊಂದನ್ನೇ ನೋಡಿದ್ದಳು. ತನ್ನ ಬಟ್ಟೆಯ ಪೆಟ್ಟಿಗೆಗೆ ಯಾರೋ ಕೈ ಹಾಕಿದಂತೆ ಅವಳಿಗೆ ಅನ್ನಿಸಿತು.

ಅವಳು ಬಿಲ್ಲೆಯ ಕಂಪನಿಗೆ ಎಲ್ಲವನ್ನೂ ಬರೆದಳು. ಬಹಳ ದಿನದ ಮೇಲೆ ಉತ್ತರ ಬಂತು. ಅವಳು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದಳು: ಪ್ರಿಯ ಸದಸ್ಯರೇ, ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತವಾಗಿದೆ, ನಿಮಗಾದ ತೊಂದರೆಗಾಗಿ ಮೂರು ತಿಂಗಳ ಸೇವೆ ಉಚಿತ, ಹೊಸ ಬಿಲ್ಲೆ ತರಿಸಿಕೊಳ್ಳಲು ಇಲ್ಲಿ ಒತ್ತಿ.

ಅಷ್ಟು ದಿನವೂ ಬಿಟ್ಟುಬಿಡು, ಮಂದಿ ಏನಂದಾರು ಎನ್ನುತ್ತಿದ್ದ ಹಂಪಯ್ಯ ಕನ್ನಡಕ ತೆಗೆದರು. "ಪುಕ್ಕಟೆ ಅಂತ ಬರದಾರ?"

"ಹೂಂ."

"ನನ್ನ ಮಗಳ ಮದವಿ ಮುರದು ಪುಕ್ಕಟೆ ಅಂತಾರ?"

ಮರುದಿನ ಅವರು ಅಂಗಡಿ ತೆರೆಯಲಿಲ್ಲ. ಮಗಳೊಂದಿಗೆ ಪೊಲೀಸ್ ಠಾಣೆಗೆ ಹೋಗಿ, ತಮ್ಮ ಅರೆಬರೆ ತೆಲುಗಿನಲ್ಲಿ ಮೊದಲಿನಿಂದ ಕೊನೆಯವರೆಗೆ ತಾವೇ ಹೇಳಿ ಕಂಪನಿಯ ಮೇಲೆ ದೂರು ಕೊಟ್ಟರು. ಈ ಸಲ ರಿಪೋರ್ಟ್ ಅವರ ಚೀಲದಲ್ಲಿರಲಿಲ್ಲ.

ವಾರ ಕಳೆಯುವುದರೊಳಗೆ ತಿಪ್ಪೇಸ್ವಾಮಿಯವರ ಫೋನ್ ಬಂತು. ಕಂಪನಿಯವರು ತಪ್ಪೆಲ್ಲ ಶೈಲಶ್ರೀಯದೆಂದು ಅವಳನ್ನು ಕೆಲಸದಿಂದ ತೆಗೆದಿದ್ದರು. ಶಿವದೇವಿ ಅಳುತ್ತಿದ್ದಾರಂತೆ. ಇನ್ನಾದರೂ ನಿಮ್ಮ ಮಗಳು ದೂರು ವಾಪಸ್ ತಗೊಳ್ಳಲಿ ಎಂದರು.

ಸಂಯುಕ್ತಾ ಅಪ್ಪನ ಕೈಯಿಂದ ಫೋನ್ ತೆಗೆದುಕೊಂಡಳು. "ಅಕಿನ್ನ ತಗೀರಿ ಅಂತ ನಾ ಕೇಳಿಲ್ರಿ. ಅಕಿ ಕೂತಿದ್ದ ಕುರ್ಚಿ ಮ್ಯಾಲ ಇವತ್ತು ಮತ್ತೊಬ್ಬರು ಕೂತಾರ. ನನ್ನ ಆಫೀಸಿನವರ ಊಟ, ರಕ್ತ ಎಲ್ಲಾ ಅವರೂ ಬೇಕಾದಾಗ ನೋಡಬಹುದು. ಒಬ್ಬಾಕಿನ್ನ ಹೊರಗ ಹಾಕಿ ಅವರು ಕೈ ತೊಳಕೊಂಡ್ರು. ದೂರು ನಾ ವಾಪಸ್ ತಗೊಳ್ಳೂದಿಲ್ಲ."

"ಮುಂದ ಸಂಬಂಧ ಬರೂದು ಕಷ್ಟ ಆಗತೈತವ್ವ," ಎಂದರು ತಿಪ್ಪೇಸ್ವಾಮಿ.

"ಆಗಲ್ರಿ," ಎಂದು ಸಂಯುಕ್ತಾ ಫೋನನ್ನು ಅಪ್ಪನಿಗೆ ಕೊಟ್ಟಳು. ಹಂಪಯ್ಯ ಅದನ್ನು ಕಿವಿಗಿಟ್ಟುಕೊಂಡು, "ಅಕಿ ಹೇಳಿದ್ದ ನನ್ನ ಮಾತೂ ಹೌದ್ರಿ," ಎಂದರು.