ಬೀಗ ಹಾಕಿದ ಸಭೆ

ಕೀಲಿ ತಿರುಗಿಸಿ, ಬೀಗವನ್ನೊಮ್ಮೆ ಜಗ್ಗಿ ನೋಡಿ ಅವಳು ಮೆಟ್ಟಿಲಿಳಿದಳು. ಒಳಗೆ ದೀಪ ಆರಿತ್ತು. ಆಗಲೇ ಬಾಗಿಲು ಬಡಿದ ಸದ್ದೂ ಕೇಳಿಸಿತ್ತು. ಅಂದರೆ ಮುಗಿಯಿತು, ಈ ಸಲವೂ.

ಸೇತುವೆಯ ಬುಡದ ಆ ಸಭಾಭವನವನ್ನು ಗುಡಿಸಿ ಒರೆಸಿ, ಬಂದವರಿಗೆ ಅವರೇ ತಂದ ಬಾಟಲಿ ನೀರಿನಲ್ಲಿ ಚಹಾ ಮಾಡಿಕೊಟ್ಟು, ಕೊನೆಗೆ ಬೀಗ ಹಾಕುವುದು ಅವಳ ಕೆಲಸ. ನದಿಯೇ ಎರಡು ದೇಶಗಳ ಗಡಿ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು ಎರಡೂ ದಡದಲ್ಲಿದ್ದವು. ಎರಡರ ಕೊಳೆಯೂ ಒಂದೇ ನದಿಗೆ ಇಳಿಯುತ್ತಿತ್ತು. ಎರಡೂ ಕಡೆಯವರು ಸೇರಿ ಒಂದು ಶುದ್ಧೀಕರಣ ಘಟಕ ಕಟ್ಟಬೇಕೆಂದು ವರ್ಷಗಳಿಂದ ಮಾತು ನಡೆದಿತ್ತು. ಪ್ರತಿ ಸಭೆಯೂ ಒಂದೇ ಥರ: ಮೊದಲು ನಮಸ್ಕಾರ, ಆಮೇಲೆ ಚಹಾ, ಆಮೇಲೆ ಕೂಗಾಟ, ಕೊನೆಗೆ ಯಾರೋ ಎದ್ದು ಧಡಾರನೆ ಬಾಗಿಲು ಬಡಿದು ಹೋಗುವುದು. ಆ ಸದ್ದು ಕೇಳಿದ ಮೇಲೆ ಹಿತ್ತಲಿನಲ್ಲಿ ಲೋಟ ತೊಳೆಯುವುದನ್ನು ಮುಗಿಸಿ ಬೀಗ ಹಾಕಿದರಾಯಿತು. ಇದೇ ಕೊನೆಯ ಸಭೆ, ಇವತ್ತು ಆಗದಿದ್ದರೆ ಸಮಿತಿಯನ್ನೇ ರದ್ದು ಮಾಡುತ್ತಾರೆ ಎಂದು ಬೆಳಿಗ್ಗೆ ಕೇಳಿದಾಗ ಅವಳು ಚಹಾಕ್ಕೆ ಸಕ್ಕರೆ ಸ್ವಲ್ಪ ಹೆಚ್ಚೇ ಹಾಕಿದ್ದಳು. ಅವಳ ಕೈಲಾಗುವುದು ಅಷ್ಟೇ.

ಮನೆಯಲ್ಲಿ ಗಂಡ ಆಗಲೇ ಅನ್ನಕ್ಕಿಟ್ಟಿದ್ದ. "ಏನಂತೆ? ಕೈ ಕುಲುಕಿದ್ರಾ, ಕತ್ತು ಹಿಸುಕಿದ್ರಾ?"

"ಬಾಗಿಲು ಬಡಿದ್ರು."

"ಬಿಡು. ಬಾಗಿಲಾದ್ರೂ ಗಟ್ಟಿಯಾಗಿದೆಯಲ್ಲ."

ಅವಳಿಗೆ ನಗು ಬರಲಿಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡು ತೋಳಿಗೆ ಮುಲಾಮು ಸವರತೊಡಗಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕೆಂಪಗೆ ಬಿರಿದಿತ್ತು. ಆ ನದಿಯ ನೀರಿನಲ್ಲಿ ಮೀಯುವುದು ನಿಲ್ಲುವವರೆಗೂ ಇದು ಹೋಗುವುದಿಲ್ಲವೆಂದು ವೈದ್ಯರು ಹೇಳಿದ್ದರು. ಊರಿಗೆಲ್ಲ ಅದೇ ನೀರು.

"ಹಾಗಾದ್ರೆ ಕಟ್ಟಲ್ವಾ ಅಮ್ಮ?"

"ಕಟ್ತಾರೆ ಕಣೇ. ದೊಡ್ಡೋರು ಇನ್ನೂ ಸ್ವಲ್ಪ ದೊಡ್ಡೋರಾಗ್ಲಿ."

"ಕೊಡೆ ಸಾಹೇಬ್ರು ಇವತ್ತೂ ಹಾಗೇ ಫೋನ್ ಕಿತ್ಕೊಂಡ್ರಾ? ಮಾಡಿ ತೋರಿಸು."

ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದ ಆ ಸಾಹೇಬರು ಆಚೆ ದಡದ ತಂಡದ ಮುಖ್ಯಸ್ಥರು. ಒಳಗೆ ಕೂತವರು ಮೇಲಿನವರಿಗೆ ಫೋನ್ ಮಾಡುತ್ತಾ ಮಾತು ಕೆಡಿಸಬಾರದೆಂದು ಎಲ್ಲರ ಫೋನುಗಳನ್ನೂ ಜಗಲಿಯ ಬೀರುವಿನಲ್ಲಿಟ್ಟು, ಸಭೆ ಮುಗಿದ ಮೇಲೆ ಅವಳೇ ತೆಗೆದುಕೊಡುವ ಪದ್ಧತಿಯಿತ್ತು. ಹೊರಡುವಾಗ ಸಾಹೇಬರು ಅವಳ ಮುಖ ಕೂಡ ನೋಡದೆ ಫೋನ್ ಕಸಿದುಕೊಂಡು ಹೋಗುವ ಪರಿಯನ್ನು ಅವಳು ಮನೆಯಲ್ಲಿ ಅಭಿನಯಿಸಿ ನಗಿಸುತ್ತಿದ್ದಳು.

ಮುಲಾಮಿನ ಬೆರಳು ಅಲ್ಲೇ ನಿಂತಿತು. ಇವತ್ತು ಅವಳು ಯಾರಿಗೂ ಫೋನ್ ಕೊಟ್ಟಿರಲಿಲ್ಲ.

"ಅಯ್ಯೋ ದೇವರೇ! ರೀ, ಅವರು ಒಳಗೇ ಇದ್ದಾರೆ ಕಣ್ರೀ!"

ಗಂಡ ಸೌಟು ಹಿಡಿದೇ ತಿರುಗಿದ. "ಎರಡು ದೇಶಾನ ಒಳಗಿಟ್ಟು ಬೀಗ ಹಾಕಿ ಬಂದ್ಯಾ?"

"ನಗಬೇಡಿ! ನನ್ನ ಕೆಲಸ ಹೋಯ್ತು. ಸ್ಕೂಟರ್ ತೆಗೀರಿ ಮೊದಲು!"

ಮಗಳು ನಡುವೆ ಹತ್ತಿ ಕೂತಳು.

ಭವನ ಕತ್ತಲಲ್ಲಿತ್ತು, ಬೀದಿಯಲ್ಲೂ ಕರೆಂಟ್ ಇರಲಿಲ್ಲ. ಒಳಗಿನಿಂದ ಕೂಗಾಟವಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಬೀಗ ತೆಗೆದು ಬಾಗಿಲು ತಳ್ಳಿದಳು.

ಮೇಣದಬತ್ತಿಯ ಸುತ್ತ ಅವರೆಲ್ಲ ಕೂತಿದ್ದರು. ಈಚೆ ದಡದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡಿದ್ದರು. ಕೊಡೆ ಸಾಹೇಬರು ಅಂಗಿಯ ತೋಳು ಮಡಚಿ, ಚಹಾದ ತಟ್ಟೆಗಳನ್ನು ಘಟಕದ ತೊಟ್ಟಿಗಳಂತೆ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದರು.

"ತಪ್ಪಾಯ್ತು ಮೇಡಂ, ತಪ್ಪಾಯ್ತು ಸಾರ್. ಬಾಗಿಲು ಬಡೀತು, ಹೊರಟ್ರಿ ಅನ್ಕೊಂಡೆ."

"ಅದು ಗಾಳಿಗೆ ಕಿಟಕಿ ಬಡಿದದ್ದು," ಎಂದರು ಮೇಡಂ. "ಕರೆಂಟ್ ಹೋಯ್ತಲ್ಲ, ನಾವು ಜಗಳ ನಿಲ್ಲಿಸಿ ಮೇಣದಬತ್ತಿ ಹುಡುಕ್ತಿದ್ವಿ. ಆಮೇಲೆ ಮತ್ತೆ ಜಗಳ ಆಯ್ತು. ನಾನು ಎದ್ದು ಹೊರಟೆ. ಬಾಗಿಲು ತೆಗೆಯೋಕೆ ಬರಲಿಲ್ಲ."

"ಮೊದಲು ಇವರು ಒದ್ರು," ಎಂದರು ಸಾಹೇಬರು. "ಆಮೇಲೆ ನಾನು ಒದ್ದೆ. ಕಾಲು ನೋಯ್ತು, ಕೂತ್ಕೊಂಡ್ವಿ."

ಅವರ ಕಡೆಯವನೊಬ್ಬ ಎದ್ದು ಜಗಲಿಯ ಕಡೆ ಹೆಜ್ಜೆ ಹಾಕಿದ. "ಕೂತ್ಕೋಪ್ಪಾ," ಎಂದರು ಸಾಹೇಬರು, ತಟ್ಟೆಗಳಿಂದ ತಲೆಯೆತ್ತದೆ. "ಫೋನ್ ಕೈಗೆ ಬಂದ್ರೆ ಮೇಲಿನೋರೂ ಬಂದು ಕೂತ್ಕೋತಾರೆ. ಜಾಗ ಒಪ್ಪಿ ಆಗಿದೆ. ಖರ್ಚೊಂದು ಉಳಿದಿದೆ."

ಮೇಡಂ ಅವಳತ್ತ ತಿರುಗಿದರು. "ಅಕ್ಕಾ, ಒಂದು ಉಪಕಾರ ಮಾಡಿ. ಮತ್ತೆ ಬೀಗ ಹಾಕಿ."

"ಬೀಗಾನಾ? ಬೇಕಾದ್ರೆ ಒಳಗಿಂದ ಚಿಲಕ ಹಾಕ್ಕೊಳ್ಳಿ ಮೇಡಂ."

"ಬೇಡ, ಹೊರಗಿಂದಲೇ ಹಾಕಿ. ಚಿಲಕ ನಮ್ಮ ಕೈಲಿದ್ರೆ ನಮ್ಮ ಮೇಲೆ ನಮಗೇ ನಂಬಿಕೆ ಇಲ್ಲ."

ಅವಳು ಗಂಡನ ಮುಖ ನೋಡಿದಳು. ಅವನು ಹುಬ್ಬೇರಿಸಿದ, ಅಷ್ಟೇ. ಇಷ್ಟು ವರ್ಷ ಎಷ್ಟು ಸಲ ಆಸೆಪಟ್ಟು ಲೋಟ ತೊಳೆದಿದ್ದಳೋ. ಮತ್ತೊಮ್ಮೆ ಆಸೆಪಡಲೂ ಮೈಯಲ್ಲಿ ಕಸುವು ಬೇಕಲ್ಲ. ಅವಳು ಬಾಗಿಲೆಳೆದು ಬೀಗ ಹಾಕಿದಳು.

ಮೂವರೂ ಮೆಟ್ಟಿಲ ಮೇಲೆ ಕೂತರು. ಮಗಳು ಅಪ್ಪನ ಹೆಗಲಿಗೊರಗಿ ತೂಕಡಿಸಿದಳು. ಒಳಗೆ ದನಿಗಳು ಏರಿದವು, ಇಳಿದವು, ಮತ್ತೆ ಏರಿದವು. ಒಂದು ಕುರ್ಚಿ ಉರುಳಿತು.

"ಶುರುವಾಯ್ತು ನೋಡು," ಎಂದ ಗಂಡ.

ಅವಳು ಎದ್ದು ನಿಂತಳು. ಅಷ್ಟರಲ್ಲಿ ಪಕ್ಕದ ಕಿಟಕಿ ತೆರೆದು, ಸರಳುಗಳ ನಡುವೆ ಕೊಡೆ ಸಾಹೇಬರ ಮುಖ ಕಾಣಿಸಿತು.

"ಅಮ್ಮಾ, ತಂದಿದ್ದ ಬಾಟಲಿ ನೀರು ಖಾಲಿ. ಕುಡಿಯೋಕೆ ಏನಾದ್ರೂ ಇದೆಯಾ?"

"ನಲ್ಲಿ ನೀರೇ ಇರೋದು ಸಾರ್."

"ನದೀದಾ?"

"ಹೂಂ."

"ನಿಮ್ಮ ಮನೆಗೂ ಇದೇನಾ?"

"ಇದೇ."

ಸಾಹೇಬರು ಅಪ್ಪನ ಹೆಗಲಿಗೊರಗಿ ಮಲಗಿದ್ದ ಮಗುವನ್ನು ನೋಡಿದರು.

"ಕೊಡಿ."

ಅವಳು ಹಿತ್ತಲಿಗೆ ಹೋಗಿ ಜಗ್ಗು ತುಂಬಿಸಿ ತಂದಳು. ಲೋಟಕ್ಕೆ ಸುರಿಯುವಾಗ ಕತ್ತಲಲ್ಲಿ ನೀರಿನ ಬಣ್ಣ ತಿಳಿಯಲಿಲ್ಲ. ವಾಸನೆ ಮಾತ್ರ ಬಂತು. ಸರಳುಗಳ ಸಂದಿಯಿಂದ ಲೋಟ ಒಳಗೆ ಹೋಯಿತು. ಒಂದು ಕೈಯಿಂದ ಇನ್ನೊಂದು ಕೈಗೆ ಅದು ಸಾಗುವುದು ಮೇಣದಬತ್ತಿಯ ಬೆಳಕಿನಲ್ಲಿ ಕಾಣುತ್ತಿತ್ತು. ಜಗ್ಗನ್ನು ಸೊಂಟಕ್ಕೊತ್ತಿಕೊಂಡು, ಖಾಲಿ ಲೋಟ ವಾಪಸು ಬರಲೆಂದು ಅವಳು ಕೈ ಚಾಚಿ ನಿಂತಳು.