ಕೋಟೆ ಚೌಕದಲ್ಲಿ ಎಂಟು

"ಲೋಕಮ್ಮ ಯಲ್ಲಪ್ಪ, ತೊಗರ್ಸಿ! ಯಾರ್ರೀ ಅದು? ಬನ್ನಿ ಮುಂದೆ!"

ಬ್ರೇಕ್ ಇನ್ಸ್‌ಪೆಕ್ಟರ್ ಕೂಗಿದ್ದೇ ತಡ, ಕೋಟೆ ಚೌಕದಲ್ಲಿ ಬೈಕು ಹಿಡಿದು ಸಾಲಾಗಿ ನಿಂತಿದ್ದ ಕಾಲೇಜು ಹುಡುಗರೆಲ್ಲ ಕತ್ತು ತಿರುಗಿಸಿದರು. ಸೆರಗನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಕಚ್ಚಿಸಿಕೊಂಡು, ಮಗಳನ್ನು ಮದುವೆ ಮಾಡಿ ಕೊಟ್ಟ ವಯಸ್ಸಿನ ಹೆಂಗಸೊಬ್ಬಳು ಸ್ಕೂಟಿ ತಳ್ಳಿಕೊಂಡು ಬರುತ್ತಿದ್ದಳು. ಒಬ್ಬ ಹುಡುಗ ಪಕ್ಕದವನ ಕಿವಿಯಲ್ಲಿ ಏನೋ ಊದಿ ಕಿಸಕ್ಕೆಂದ. ನಗಲಿ ಬಿಡಿ. ಲೋಕಮ್ಮ ಅವರ ಕಡೆ ನೋಡಿದ್ದರೆ ತಾನೆ!

ಚೌಕವೆಂದರೆ ಭಾರೀ ಏನಲ್ಲ. ಒಂದು ಕಡೆ ಟೀ ಅಂಗಡಿ, ಜೆರಾಕ್ಸ್ ಅಂಗಡಿ, ಆಟೊಗಳು. ಇನ್ನೊಂದು ಕಡೆ ಯಾವ ಪಾಳೇಗಾರನ ಕಾಲದ್ದೋ ಕೋಟೆ. ಅದರಲ್ಲೂ ಉಳಿದಿರುವುದು ಒಂದು ದುಂಡು ಬುರುಜು, ಆಳೆತ್ತರದ ಒಂದು ತುಂಡು ಗೋಡೆ. ಮಿಕ್ಕ ಕಲ್ಲೆಲ್ಲ ಊರವರ ಮನೆಗಳ ಪಾಯಕ್ಕೆ ಇಳಿದು ಎಷ್ಟೋ ಕಾಲವಾಯಿತು. ತಿಂಗಳಿಗೊಮ್ಮೆ ಆರ್‌ಟಿಓದವರು ಶಿಕಾರಿಪುರಕ್ಕೆ ಬಂದಾಗ ಬುರುಜಿನ ಮುಂದಿನ ಸಮತಟ್ಟಿನಲ್ಲಿ ಸುಣ್ಣದ ಪುಡಿ ಸುರಿದು ದೊಡ್ಡದೊಂದು ಇಂಗ್ಲಿಷ್ ಎಂಟು ಬರೆಯುತ್ತಾರೆ. ಕಾಲು ನೆಲಕ್ಕೆ ತಾಗಿಸದೆ ಆ ಎಂಟನ್ನು ಸುತ್ತಿ ಬಂದರೆ ಲೈಸೆನ್ಸು, ಇಲ್ಲವಾದರೆ ಇಲ್ಲ.

ಲೋಕಮ್ಮ ಸುತ್ತತೊಡಗಿದಳು. ಮೊದಲನೆಯ ಸೊನ್ನೆ ಬಲಕ್ಕೆ. ಆಹಾ, ಏನು ಚೆಂದ ತಿರುಗಿದಳು ಅಂತೀರಿ! ಚಕ್ರ ಸುಣ್ಣದ ಗೆರೆಯನ್ನು ಬಿಟ್ಟು ಒಂದು ಬೆರಳೂ ಆಚೆ ಹೋಗಲಿಲ್ಲ. ನಕ್ಕಿದ್ದ ಹುಡುಗ ಬಾಯಿ ಮುಚ್ಚಿಕೊಂಡ. ಎಂಟಿನ ನಡು ದಾಟಿತು, ಇನ್ನು ಎಡಕ್ಕೆ ಹೊರಳಬೇಕು. ಅಷ್ಟೇ. ಹ್ಯಾಂಡಲ್ಲು ಕೈಯ ಮಾತು ಕೇಳಲಿಲ್ಲ. ಮೈ ತನ್ನ ಪಾಡಿಗೆ ಬಲಕ್ಕೇ ವಾಲಿತು, ಕಣ್ಣೂ ಬಲಕ್ಕೇ ಹೋಯಿತು. ಗಾಡಿ ಎತ್ತಲೂ ಹೋಗಲಾರದೆ ಓಲಾಡಿ, ಧಪ್ಪನೆ ಕಾಲು ನೆಲಕ್ಕೆ ಬಂತು.

"ಕಾಲು ಊರಿದ್ರಿ, ಫೇಲ್," ಎಂದ ಇನ್ಸ್‌ಪೆಕ್ಟರ್. ಕೆಟ್ಟ ಮನುಷ್ಯನೇನಲ್ಲ, ಬಿಸಿಲಿಗೆ ಬೇಸತ್ತಿದ್ದ ಅಷ್ಟೆ.

"ಇನ್ನೊಂದ್ ಸಲ ಹಾಕ್ತೀನ್ರೀ ಸಾಹೇಬ್ರೆ. ಈಗ್ಲೇ ಹಾಕ್ತೀನಿ."

"ಇವತ್ತು ಆಗಲ್ಲಮ್ಮಾ. ಮುಂದಿನ ಕ್ಯಾಂಪಿಗೆ ಬನ್ನಿ. ಎಲ್‌ಎಲ್ ಇದೆಯಲ್ಲ, ಕಲಿಯೋರ ಲೈಸೆನ್ಸು, ಲೈಸೆನ್ಸ್ ಇರೋರು ಯಾರನ್ನಾದ್ರೂ ಹಿಂದೆ ಕೂರಿಸ್ಕೊಂಡು ಚೆನ್ನಾಗಿ ಕಲೀರಿ. ನೆಕ್ಸ್ಟ್!"

ಮುಂದಿನ ಕ್ಯಾಂಪ್ ಎಂದರೆ ಮುಂದಿನ ತಿಂಗಳು. ಅಲ್ಲಿಯ ತನಕ ಕಾಯುವಂತಿರಲಿಲ್ಲ. ಗಂಡ ಯಲ್ಲಪ್ಪನಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಸೋತಿದ್ದವು. ಕಾಲು ಒಂದಿಷ್ಟು ಚೇತರಿಸಿಕೊಂಡಿತ್ತು, ಕೈ ಮಾತ್ರ ಹಾಗೇ ಜೋತಾಡುತ್ತಿತ್ತು. ತೊಗರ್ಸಿಯಿಂದ ವಾರದಲ್ಲಿ ಮೂರು ದಿನ ಶಿಕಾರಿಪುರಕ್ಕೆ ಬಂದು ವ್ಯಾಯಾಮ ಮಾಡಿಸಿಕೊಂಡರೆ ಕೈ ಬರುತ್ತದೆ, ತಡ ಮಾಡಿದರೆ ಬರುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಬಸ್ಸಿನ ಮೆಟ್ಟಿಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಯಲ್ಲಪ್ಪ ಬಸ್ಸಿನ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ. ಕರೆದುಕೊಂಡು ಬರಬೇಕಾದವನು ಯಲ್ಲಪ್ಪನ ತಮ್ಮ ನಾಗೇಶ. ಅವನಿಗೆ ಒಂದು ದಿನ ಟ್ರ್ಯಾಕ್ಟರ್ ಕೆಲಸ, ಇನ್ನೊಂದು ದಿನ ಸೊಸೈಟಿ ಮೀಟಿಂಗು. ವಾರಕ್ಕೆ ಒಮ್ಮೆ ಬಂದರೆ ಪುಣ್ಯ.

ಮನೆಯಲ್ಲೇ ಸ್ಕೂಟಿ ಇತ್ತು. ನಾನೇ ಕಲಿಯುತ್ತೇನೆ ಎಂದು ಲೋಕಮ್ಮ ಪಟ್ಟು ಹಿಡಿದಳು. ಯಲ್ಲಪ್ಪ ಮೊದಲು ನಕ್ಕ, ಆಮೇಲೆ ಬೈದ. ಕೊನೆಗೆ, "ಲೈಸೆನ್ಸ್ ತಗಂಡ್ ಬಾ, ಆಮ್ಯಾಲೆ ಹಿಂದೆ ಕೂರ್ತೀನಿ. ಅಲ್ಲೀತಂಕ ನನ್ನ ಕರೀಬ್ಯಾಡ," ಎಂದು ಮುಖ ತಿರುಗಿಸಿದ. ಅವಳು ಯಾರನ್ನೂ ಕೇಳಲಿಲ್ಲ. ಮನೆ ಮುಂದಿನ ಕಣದಲ್ಲಿ ಹಳೆಯ ಮೇಟಿಗಂಬವಿತ್ತು. ಒಕ್ಕಣೆಗೆ ಮಿಷನ್ನು ಬಂದ ಮೇಲೂ ಯಾರೂ ಅದನ್ನು ಕಿತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವಳು ಸ್ಕೂಟಿ ಹತ್ತಿ ಆ ಕಂಬವನ್ನು ಸುತ್ತಿದಳು. ಎತ್ತುಗಳ ಹಿಂದೆ ಸುತ್ತಿದ್ದ ಅಭ್ಯಾಸ, ಕಂಬ ಯಾವಾಗಲೂ ಬಲಗಡೆಗೇ. ಹೀಗೆ ಬಲಕ್ಕೆ ಸುತ್ತಿ ಸುತ್ತಿ ಎಡಕ್ಕೆ ತಿರುಗುವುದೊಂದು ಇದೆ ಎಂಬುದೇ ಅವಳ ಮೈಗೆ ಗೊತ್ತಾಗಲಿಲ್ಲ.

ಹಾಗಾದರೆ ಯಾರಿಗೂ ಗೊತ್ತಾಗಲಿಲ್ಲವೇ?

ಲೋಕಮ್ಮ ಗಾಡಿ ತಳ್ಳಿಕೊಂಡು ನೇರ ಟೀ ಅಂಗಡಿಗೆ ಬಂದಳು. ಬೆಳಿಗ್ಗೆ ಅದೇ ಸ್ಕೂಟಿಯಲ್ಲಿ ನಾಗೇಶನ ಹಿಂದೆ ಕೂತು ಬಂದಿದ್ದ ಯಲ್ಲಪ್ಪ ಅಲ್ಲಿ ಬೆಂಚಿನ ಮೇಲಿದ್ದ. ಲೋಕಮ್ಮ ಬಸ್ಸಿಗೆ ಬಂದಿದ್ದಳು.

"ದಿನಾ ಜಗಲಿ ಮ್ಯಾಲೆ ಕೂತು ನೋಡ್ತಿದ್ರಿ," ಎಂದಳು. ದನಿ ಏರಿಸಲಿಲ್ಲ. "ಇಪ್ಪತ್ ವರ್ಷ ಗಾಡಿ ಓಡ್ಸಿದೋರು. ನಾ ಬರೇ ಒಂದೇ ಕಡೀಗೆ ತಿರುಗ್ತೀನಿ ಅಂತ ನಿಮ್ಗೆ ಕಾಣ್ಲಿಲ್ವೇನ್ರೀ?"

ಯಲ್ಲಪ್ಪ ಟೀ ಲೋಟವನ್ನು ಬೆಂಚಿನ ಮೇಲಿಟ್ಟ.

"ನಿಮ್ಗೆ ಕಂಡಿತ್ತು. ಕಂಡ್ರೂ ಬಾಯಿ ಬಿಡ್ಲಿಲ್ಲ. ನಾ ಇಲ್ಲಿ ಬಂದು ನಾಕ್ ಜನರ ಮುಂದೆ ಕಾಲು ಊರ್ಲಿ ಅಂತಾನೆ ಇದ್ರಿ. ನನ್ ಹೊಟ್ಟೆ ಹೆಂಗ್ ಉರೀತೈತಿ ಗೊತ್ತಾ? ನಾ ಯಾರ್ ಕೈಗೋಸ್ಕರ ಈ ವಯಸ್ಸಲ್ಲಿ ಹೆಲ್ಮೆಟ್ ಹಾಕ್ಕಂಡು ಕುಣೀತಿದೀನಿ?"

ಯಲ್ಲಪ್ಪನ ಮುಖ ಕಪ್ಪಿಟ್ಟಿತು. ಟೀ ಅಂಗಡಿಯವನು ಸುಮ್ಮನೆ ಒಲೆಯ ಕಡೆ ತಿರುಗಿಕೊಂಡ.

"ಆಯ್ತು ಬಿಡ್ರಿ ಅತ್ತಿಗೆ, ಈ ಗಂಡ ಹೆಂಡ್ತಿ ಜಗಳ ಮನ್ಯಾಗೆ ಮಾಡ್ರಿ," ಎಂದ ನಾಗೇಶ, ಕೀಲಿಗೆ ಕೈ ಚಾಚುತ್ತ. "ನಂಗೆ ಕೆಲ್ಸ ಐತಿ. ಮುಂದಿನ ತಿಂಗ್ಳು ನೋಡಾಣಂತೆ."

"ಮುಂದಿನ ತಿಂಗ್ಳಿನ ತನಕ ನಿಮ್ಮಣ್ಣನ ಕೈ ಕಾಯ್ತತೇನಪ್ಪಾ?"

ಕೀಲಿ ಕೊಡದೆ ಲೋಕಮ್ಮ ಗಾಡಿ ತಿರುಗಿಸಿ ಬುರುಜಿನ ಬುಡಕ್ಕೆ ಹೋದಳು. ಅಲ್ಲಿ ಬುರುಜನ್ನು ಬಳಸಿಕೊಂಡು ಮಣ್ಣಿನ ದಾರಿಯಿತ್ತು. ಕಲ್ಲುಗೋಡೆ ಎಡಗೈ ಕಡೆಗೆ ಬರುವಂತೆ ನಿಂತು ಹೊರಟಳು. ಹೊರಟಲ್ಲೇ ಓಲಾಡಿತು, ಕಾಲು ಊರಿದಳು. ಮತ್ತೆ ಹೊರಟಳು. ಈ ಸಲ ಕಾಲುಭಾಗ ಸುತ್ತುವಷ್ಟರಲ್ಲಿ ಮೊಣಕೈ ಕಲ್ಲಿಗೆ ಉಜ್ಜಿ ಚರ್ಮ ಕಿತ್ತುಬಂತು. ಗೋಡೆಯ ಮೇಲೆ ಮೇಯುತ್ತಿದ್ದ ಆಡು ಬೆದರಿ ಆಚೆ ಹಾರಿತು. ಉರಿಯುವ ಮೊಣಕೈಯನ್ನು ಸೆರಗಿನಿಂದ ಒತ್ತಿ, ಹಲ್ಲು ಕಚ್ಚಿ ಮತ್ತೆ ಹೊರಟಳು. ಚೌಕದಲ್ಲಿ ಹುಡುಗರು ಒಬ್ಬೊಬ್ಬರಾಗಿ ಪಾಸಾಗಿ ಹೋಗುತ್ತಿದ್ದರು. ಅವಳಿಗೆ ಅಳು ಬಂತು. ಬರಲಿ, ಅಳುತ್ತಲೇ ಓಡಿಸಿದರಾಯಿತು ಎಂದುಕೊಂಡಳು.

ಎಷ್ಟೋ ಸಲ ಬಿದ್ದೆದ್ದ ಮೇಲೆ ಬುರುಜಿನ ಹಿಂದಿನಿಂದ ಬರುವಾಗ ನೋಡುತ್ತಾಳೆ, ದಾರಿಗೆ ಅಡ್ಡ ಯಲ್ಲಪ್ಪ ನಿಂತಿದ್ದಾನೆ. ಚೌಕದ ಅಷ್ಟಗಲವನ್ನು ಎಡಗಾಲು ಎಳೆದುಕೊಂಡು ಒಬ್ಬನೇ ದಾಟಿ ಬಂದಿದ್ದ. ಹಣೆಯೆಲ್ಲ ಬೆವರು.

"ಸರೀರಿ ಆ ಕಡೆ," ಎಂದಳು ಬ್ರೇಕ್ ಹಿಡಿದು.

"ಗೋಡೆ ನೋಡ್ತೀಯಲ್ಲ, ಅದ್ಕೇ ಗೋಡೆಗೇ ಹೋಗ್ತೀಯ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ನೋಡು," ಎಂದ ಯಲ್ಲಪ್ಪ. ಆಮೇಲೆ ಹಣೆಯ ಬೆವರು ಒರೆಸಿಕೊಂಡು, "ಹಿಂದೆ ಲೈಸೆನ್ಸ್ ಇರೋರು ಇರ್ಬೇಕು ಅಂದ್ರಲ್ಲ ಸಾಹೇಬ್ರು. ನಂದೇನೂ ಮುಗ್ದಿಲ್ಲ. ಇನ್ನೂ ಐತಿ."

ಲೋಕಮ್ಮ ಅವನನ್ನೇ ನೋಡಿದಳು. ಹೊಟ್ಟೆಯ ಉರಿ ಆರಿರಲಿಲ್ಲ. ಆದರೂ ಗಾಡಿಯನ್ನು ಉರುಳಿಬಿದ್ದ ಕೋಟೆಗಲ್ಲೊಂದರ ಪಕ್ಕಕ್ಕೆ ಒತ್ತಿ, ಎರಡೂ ಕಾಲು ಊರಿ ಗಟ್ಟಿಯಾಗಿ ಹಿಡಿದಳು. ಯಲ್ಲಪ್ಪ ಆ ಕಲ್ಲು ಹತ್ತಿ, ಅವಳ ಹೆಗಲು ಹಿಡಿದು, ಏದುಸಿರು ಬಿಡುತ್ತ ಹಿಂದೆ ಕೂತ. ದೂರದಿಂದ ನಾಗೇಶ, "ಅಣ್ಣಾ, ಬಿದ್ದೀಯೋ!" ಎಂದು ಕೂಗಿದ.

"ನೀ ಬಸ್ಸಿಗೆ ಹೋಗಲೇ!" ಎಂದು ಯಲ್ಲಪ್ಪ ತಿರುಗಿ ಕೂಗಿದ.

ಗಾಡಿ ಹೊರಟಿತು. ಎರಡಾಳಿನ ಭಾರಕ್ಕೆ ಮೊದಲು ತೊನೆದಾಡಿ ಆಮೇಲೆ ಒಂದು ಹದಕ್ಕೆ ಬಂತು. ಬುರುಜಿನ ತಿರುವು ಹತ್ತಿರವಾದಂತೆ ಲೋಕಮ್ಮನ ಮೈ ಮತ್ತೆ ಬಲಕ್ಕೆ ಜಗ್ಗತೊಡಗಿತು. ಯಲ್ಲಪ್ಪ ತೊಡೆಯ ಮೇಲೆ ಬಿದ್ದಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ತಂದು ಅವಳ ಎಡಹೆಗಲ ಮೇಲೆ ಇಟ್ಟ.

"ಈ ಕಡೆ," ಎಂದ.

ಹೆಗಲ ಮೇಲೆ ಆ ಕೈ ಭಾರವಾಗಿ, ತಣ್ಣಗೆ ಕೂತಿತ್ತು. ಲೋಕಮ್ಮ ಗೋಡೆಯಿಂದ ಕಣ್ಣು ಕಿತ್ತು ಮುಂದಿನ ದಾರಿ ನೋಡುತ್ತ, ಆ ಭಾರ ಇದ್ದ ಕಡೆಗೆ ಮೆಲ್ಲಗೆ ವಾಲಿದಳು.